ಕಾರ್ಡ್ ಉಜ್ಜಿ ವಿಮಾನ ಹತ್ತುವ ಲೆಕ್ಕ

ಶುಕ್ರವಾರ ಸಂಜೆ. ಸೋಮವಾರ ಹಬ್ಬದ ರಜೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆ ಮುಗಿಸಿದವರು ಗೇಟಿನ ಕಡೆ ಹೋಗುವ ಬದಲು ಲೌಂಜ್ ಮುಂದೆ ಸಾಲುಗಟ್ಟಿದ್ದಾರೆ. ಕೌಂಟರಿನಲ್ಲಿ ಕಾರ್ಡ್ ಉಜ್ಜಿದರೆ ಎರಡು ರೂಪಾಯಿ ಕಡಿತ. ಒಳಗೆ ಇಡ್ಲಿ, ಪೊಂಗಲ್, ಪಾಸ್ತಾ, ಮೆತ್ತನೆಯ ಕುರ್ಚಿ. ಒಬ್ಬರ ಸರದಿ ಬಂದಾಗ ಯಂತ್ರ ಕೆಂಪು ದೀಪ ತೋರಿಸುತ್ತದೆ. ‘ಸಾರ್, ಈ ಕಾರ್ಡ್‌ನಲ್ಲಿ ಆಗ್ತಿಲ್ಲ. ಹೋದ ಕ್ವಾರ್ಟರ್‌ನಲ್ಲಿ ಸ್ಪೆಂಡ್ ಸಾಲದು ಅಂತ ಬರ್ತಿದೆ’ ಎನ್ನುತ್ತಾಳೆ ಕೌಂಟರಿನ ಹುಡುಗಿ. ಅವರು ಪರ್ಸಿನಿಂದ ಇನ್ನೊಂದು ಕಾರ್ಡ್ ತೆಗೆಯುತ್ತಾರೆ, ಆಮೇಲೆ ಮತ್ತೊಂದು. ‘ಅಲ್ಲೇ ಆಚೆ ಕಾಫಿ ಕುಡಿಯೋಣ ಅಂದ್ರೆ ಕೇಳಲ್ಲ ನೀವು’ ಎಂದು ಹಿಂದಿನಿಂದ ಹೆಂಡತಿ ಗೊಣಗುತ್ತಾರೆ.

ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 10 ಕೋಟಿ ದಾಟಿದೆ. ಅವುಗಳನ್ನು ಮಾರುವವರ ಬಾಯಲ್ಲಿ ಬಡ್ಡಿಯ ಮಾತು ಬರುವುದು ಅಪರೂಪ. ಪಾಯಿಂಟ್, ಮೈಲಿ, ಲೌಂಜ್, ಉಚಿತ ವಿಮಾನ ಟಿಕೆಟ್ ಇವೇ ಆಕರ್ಷಣೆ. ಈ ಪಾಯಿಂಟ್‌ಗಳು ಸುಳ್ಳೇನಲ್ಲ. ಬುದ್ಧಿವಂತಿಕೆಯಿಂದ ಬಳಸಿ ಸಂಸಾರ ಸಮೇತ ಸಿಂಗಪುರಕ್ಕೆ ಹೋಗಿಬಂದವರಿದ್ದಾರೆ. ಆದರೆ ಪಾಯಿಂಟ್ ಎಷ್ಟು ಸೇರಿದೆ ಎಂದು ಹೇಳಬಲ್ಲವರ ಪೈಕಿ ಅದರ ಬೆಲೆ ರೂಪಾಯಿಯಲ್ಲಿ ಎಷ್ಟು ಎಂದು ಹೇಳಬಲ್ಲವರು ಕಡಿಮೆ.

ದುಡ್ಡು ಎಲ್ಲಿಂದ ಬರುತ್ತದೆ?

ಅಂಗಡಿಯಲ್ಲಿ 1,000 ರೂಪಾಯಿಗೆ ಕಾರ್ಡ್ ಉಜ್ಜಿದರೆ ಅಂಗಡಿಯವರ ಖಾತೆಗೆ ಪೂರ್ತಿ ಸಾವಿರ ಸೇರುವುದಿಲ್ಲ. ಸಾಮಾನ್ಯವಾಗಿ ಶೇ 1.5ರಿಂದ 3ರಷ್ಟು ಮುರಿದುಕೊಂಡು ಉಳಿದದ್ದು ಸಿಗುತ್ತದೆ. ಈ ಮುರಿತದ ಹೆಸರು ಎಂಡಿಆರ್. ಕಾರ್ಡ್ ಕೊಟ್ಟ ಬ್ಯಾಂಕ್, ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕ್, ಮಧ್ಯದ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲ ಮೂವರೂ ಇದನ್ನು ಹಂಚಿಕೊಳ್ಳುತ್ತಾರೆ. ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅದರಲ್ಲೇ ಒಂದು ಚೂರನ್ನು ಆ ಬ್ಯಾಂಕ್ ನಮಗೆ ಪಾಯಿಂಟ್ ಎಂದು ಮರಳಿಸುತ್ತದೆ.

ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮಾಡಿದಾಗ ಪಾಯಿಂಟ್ ಏಕೆ ಬರುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಎಂಡಿಆರ್ ಸೊನ್ನೆ. ಹಂಚಲು ಏನೂ ಇಲ್ಲದಿದ್ದಾಗ ಕೊಡುವುದೇನು? 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾದ ಮೇಲೆ ಬೀದಿಬದಿಯ ಕ್ಯೂಆರ್ ಕೋಡಿಗೂ ಕ್ರೆಡಿಟ್ ಕಾರ್ಡಿನಿಂದಲೇ ಹಣ ಹಾಕಬಹುದು. ಆದರೆ ಸಣ್ಣ ವ್ಯಾಪಾರಿಗಳಿಂದ 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ವಸೂಲಿ ಇಲ್ಲ. ಅದಕ್ಕೇ ಅಂಥ ಪಾವತಿಗೆ ಪಾಯಿಂಟ್ ಕೊಡುವಾಗ ಹಲವು ಬ್ಯಾಂಕ್‌ಗಳು ಕೈ ಬಿಗಿ ಹಿಡಿಯುತ್ತವೆ.

ಹಾಗಾದರೆ ಅಂಗಡಿಯವರು ಆ ಎರಡು ಪರ್ಸೆಂಟನ್ನು ಎಲ್ಲಿಂದ ತುಂಬಿಕೊಳ್ಳುತ್ತಾರೆ? ಚಿಕ್ಕಪೇಟೆಯ ಗಲ್ಲೆಯಲ್ಲಿ ಕುಳಿತವರು ನೇರವಾಗಿ ಹೇಳಿಬಿಡುತ್ತಾರೆ: ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ನೋಡಿ.’ ಮಾಲ್‌ಗಳಲ್ಲಿ ಹಾಗೆ ಹೇಳುವುದಿಲ್ಲ, ಬೆಲೆಯಲ್ಲೇ ಸೇರಿಸಿರುತ್ತಾರೆ. ಅಂದರೆ ಅದೇ ಮಾಲ್‌ನಲ್ಲಿ ನೋಟು ಎಣಿಸಿ ಕೊಡುವವರೂ ಕಾರ್ಡ್ ಉಜ್ಜುವವರ ಪಾಯಿಂಟ್‌ಗೆ ಸ್ವಲ್ಪ ತೆತ್ತಂತಾಯಿತು. ಅಮೆರಿಕದ ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದರ ಲೆಕ್ಕ ಹಾಕಿದ್ದರು. ಅವರ ಅಂದಾಜಿನಲ್ಲಿ ನಗದು ಬಳಸುವ ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರ್ ಕಳೆದುಕೊಳ್ಳುತ್ತದೆ, ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಸಿಗುತ್ತದೆ. ನಮ್ಮಲ್ಲಿ ಯುಪಿಐ ಇಷ್ಟು ಹರಡಿರುವುದರಿಂದ ಲೆಕ್ಕ ಬೇರೆಯಾದೀತು, ಹರಿವಿನ ದಿಕ್ಕು ಬದಲಾಗುವುದಿಲ್ಲ.

ಬ್ಯಾಂಕಿಗೆ ಇನ್ನೂ ಎರಡು ಆದಾಯಗಳಿವೆ: ವಾರ್ಷಿಕ ಶುಲ್ಕ ಮತ್ತು ಬಡ್ಡಿ. ಬಡ್ಡಿಯದು ದೊಡ್ಡ ಕಥೆ, ಮುಂದೆ ನೋಡೋಣ.

ಮೈಲಿಯನ್ನು ಹಣವಾಗಿಸಿದವರು

ಕಾರ್ಡ್ ಹಳೆಯದು, ಮೈಲಿ ಆಮೇಲಿನದು. ಡೈನರ್ಸ್ ಕ್ಲಬ್ ನ್ಯೂಯಾರ್ಕಿನಲ್ಲಿ 1950ರಲ್ಲಿ ಶುರುವಾಯಿತು. ಭಾರತದ ಬ್ಯಾಂಕೊಂದು, ಅಂದರೆ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ತನ್ನದೇ ಕಾರ್ಡ್ ತಂದದ್ದು 1980ರಲ್ಲಿ. ಮರುವರ್ಷ, 1981ರ ಮೇ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸ್ ಪದೇ ಪದೇ ಹಾರುವವರನ್ನು ಹಿಡಿದಿಟ್ಟುಕೊಳ್ಳಲು ‘ಎಅಡ್ವಾಂಟೇಜ್’ ಎಂಬ ಯೋಜನೆ ಆರಂಭಿಸಿತು. ಹಾರಿದಷ್ಟೂ ಮೈಲಿ ಜಮಾ, ಮೈಲಿ ಸೇರಿದರೆ ಉಚಿತ ಟಿಕೆಟ್.

ಮೈಲಿಯನ್ನು ಪ್ರಯಾಣಿಕರಿಗೆ ಕೊಡುವುದಕ್ಕಿಂತ ಬ್ಯಾಂಕುಗಳಿಗೆ ಮಾರುವುದೇ ಲಾಭ ಎಂದು ವಿಮಾನ ಕಂಪನಿಗಳಿಗೆ ಹೊಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಬ್ಯಾಂಕ್ ಸಗಟಾಗಿ ಮೈಲಿ ಕೊಂಡು ಕಾರ್ಡುದಾರರಿಗೆ ಚಿಲ್ಲರೆಯಾಗಿ ಹಂಚುತ್ತದೆ. ಈ ವ್ಯವಹಾರ ಎಷ್ಟು ಬೆಳೆದಿದೆಯೆಂದರೆ, ಕೋವಿಡ್ ಕಾಲದಲ್ಲಿ ವಿಮಾನಗಳೆಲ್ಲ ನೆಲಕ್ಕಂಟಿ ನಿಂತಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು.

ಕೊಟ್ಟ ಮೈಲಿಯ ಬೆಲೆ ನಿರ್ಧರಿಸುವ ಹಕ್ಕು ಮಾತ್ರ ಕೊಟ್ಟವರದೇ. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ‘ಕಿಂಗ್ ಕ್ಲಬ್’ ಮೈಲಿಗಳನ್ನು ಜೋಪಾನವಾಗಿ ಕೂಡಿಟ್ಟವರಿಗೆ ಹತ್ತಲು ವಿಮಾನವೇ ಉಳಿಯಲಿಲ್ಲ. ಕಂಪನಿ ಮುಳುಗಲೇಬೇಕೆಂದೂ ಇಲ್ಲ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡ್ ಒಂದು ಕಾಲಕ್ಕೆ ಪಾಯಿಂಟ್ ಪ್ರಿಯರ ಕಣ್ಮಣಿ. ತಿಂಗಳಿಗೆ ಲಕ್ಷ ರೂಪಾಯಿ ಖರ್ಚು ಮಾಡಿದರೆ 25,000 ಪಾಯಿಂಟ್ ಬೋನಸ್; ಐದು ಪಾಯಿಂಟ್‌ಗೆ ನಾಲ್ಕು ಮೈಲಿ. 2023ರ ಸೆಪ್ಟೆಂಬರ್ 1ರಿಂದ ಬೋನಸ್ ಹೋಯಿತು, ಐದು ಪಾಯಿಂಟ್‌ಗೆ ಎರಡೇ ಮೈಲಿ ಎಂದಾಯಿತು, ವಾರ್ಷಿಕ ಶುಲ್ಕ ಮಾತ್ರ 10,000ದಿಂದ 12,500ಕ್ಕೆ ಏರಿತು. ಪಾಯಿಂಟ್‌ಗೆ ಬಡ್ಡಿ ಇಲ್ಲ, ಅದು ಬೆಳೆಯುವುದೂ ಇಲ್ಲ. ಕೂಡಿಟ್ಟಷ್ಟೂ ಸವೆಯುವ ಆಸ್ತಿ ಇದು. ಸೇರಿದ್ದನ್ನು ಆದಷ್ಟು ಬೇಗ ಬಳಸಿಬಿಡುವವರೇ ಜಾಣರು.

ನೂರು ರೂಪಾಯಿಗೆ ಎಷ್ಟು?

ಕಾರ್ಡ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೊಂದೇ: ನಾನು ಖರ್ಚು ಮಾಡುವ ಪ್ರತಿ ನೂರು ರೂಪಾಯಿಗೆ ನನಗೆ ಮರಳುವುದೆಷ್ಟು?

ಪ್ರತಿ 150 ರೂಪಾಯಿಗೆ 5 ಪಾಯಿಂಟ್ ಕೊಡುವ ಒಂದು ದುಬಾರಿ ಕಾರ್ಡ್ ಇದೆ ಎಂದುಕೊಳ್ಳೋಣ. ವರ್ಷಕ್ಕೆ 3 ಲಕ್ಷ ಖರ್ಚು ಮಾಡುವವರಿಗೆ 10,000 ಪಾಯಿಂಟ್ ಸೇರುತ್ತದೆ. ಬ್ಯಾಂಕಿನ ಪೋರ್ಟಲ್‌ನಲ್ಲಿ ವಿಮಾನ ಟಿಕೆಟ್‌ಗೆ ಬಳಸಿದರೆ ಒಂದು ಪಾಯಿಂಟ್‌ಗೆ ಒಂದು ರೂಪಾಯಿ. ಕೈಗೆ ಬಂದದ್ದು 10,000 ರೂಪಾಯಿ. ಅದನ್ನೇ ಕಾರ್ಡ್ ಬಿಲ್ಲಿಗೆ ವಜಾ ಹಾಕಿಸಿಕೊಂಡರೆ ಪಾಯಿಂಟ್‌ಗೆ 30 ಪೈಸೆ, ಬಂದದ್ದು 3,000. ಕ್ಯಾಟಲಾಗಿನಲ್ಲಿರುವ ಮಿಕ್ಸಿ, ಸೂಟ್‌ಕೇಸ್, ಗಿಫ್ಟ್ ವೋಚರ್‌ಗಳ ಬೆಲೆ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಹೆಚ್ಚಾಗಿ ಕೆಳಗಿನ ತುದಿಗೇ ಹತ್ತಿರ. ಅದೇ ಪಾಯಿಂಟ್, ಬಳಸುವ ಜಾಗದ ಮೇಲೆ ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸ.

ಇನ್ನು ಖರ್ಚಿನ ಕಡೆ ನೋಡಿ. ಇಂಥ ಕಾರ್ಡಿನ ವಾರ್ಷಿಕ ಶುಲ್ಕ 12,500 ಇರಬಹುದು. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 14,750. ಮೂರು ಲಕ್ಷ ಖರ್ಚು ಮಾಡುವ ಮನೆಗೆ, ಪಾಯಿಂಟನ್ನು ಅತ್ಯುತ್ತಮವಾಗಿ ಬಳಸಿದರೂ, ಇದು ನಷ್ಟದ ಬಾಬತ್ತು. ಇದೇ ಮನೆಯವರು ಶುಲ್ಕವೇ ಇಲ್ಲದ, ಶೇ 1.5 ಕ್ಯಾಶ್‌ಬ್ಯಾಕ್ ಕೊಡುವ ಸಾದಾ ಕಾರ್ಡ್ ಇಟ್ಟುಕೊಂಡರೆ 4,500 ರೂಪಾಯಿ ತಲೆನೋವಿಲ್ಲದೆ ಬಿಲ್ಲಿನಲ್ಲೇ ಕಡಿಮೆಯಾಗುತ್ತದೆ. ವರ್ಷಕ್ಕೆ ಹತ್ತಾರು ಲಕ್ಷ ಖರ್ಚು ಮಾಡುವವರಿಗೆ, ಕಂಪನಿಯ ಪ್ರಯಾಣದ ಖರ್ಚನ್ನು ಸ್ವಂತ ಕಾರ್ಡಿನಲ್ಲಿ ಹಾಕಿ ಆಮೇಲೆ ವಾಪಸ್ ಪಡೆಯುವವರಿಗೆ, ಲೆಕ್ಕ ತಿರುಗುತ್ತದೆ. ಪಾಯಿಂಟ್ ಲೋಕದ ನಿಜವಾದ ಫಲಾನುಭವಿಗಳು ಅವರೇ. ಉಳಿದವರಲ್ಲಿ ಬಹುಪಾಲು ಜನಕ್ಕೆ ಕ್ಯಾಶ್‌ಬ್ಯಾಕ್ ಸಾಕು ಎಂಬುದು ಈ ಲೇಖಕನ ಅಭಿಪ್ರಾಯ. ಪಾಯಿಂಟ್ ಪಂಡಿತರು ಒಪ್ಪಲಾರರು.

‘ವರ್ಷಕ್ಕೆ ಇಷ್ಟು ಲಕ್ಷ ಮುಟ್ಟಿದರೆ ಶುಲ್ಕ ಮನ್ನಾ’ ಎಂಬ ಗುರಿಯ ಬಗ್ಗೆಯೂ ಎಚ್ಚರ ಬೇಕು. ಮಾರ್ಚ್ ಕೊನೆಯಲ್ಲಿ ಹದಿನೆಂಟು ಸಾವಿರ ಕಡಿಮೆ ಬಿತ್ತೆಂದು ಬೇಡದ ಟಿವಿ ಕೊಂಡರೆ ಮನ್ನಾ ಆಗಿದ್ದು ಬ್ಯಾಂಕಿನ ಶುಲ್ಕ, ಖಾಲಿಯಾಗಿದ್ದು ನಮ್ಮ ಜೇಬು. ಲೌಂಜ್ ಕಥೆಯೂ ಇದೇ. ಒಳಗೆ ಹೋಗುವ ಪ್ರತಿ ತಲೆಗೂ ಬ್ಯಾಂಕ್ ಲೌಂಜಿನವರಿಗೆ ದುಡ್ಡು ಕೊಡಬೇಕು. ಜನ ಹೆಚ್ಚಾದ ಮೇಲೆ, 2023ರ ಕೊನೆಯಿಂದೀಚೆಗೆ, ಬ್ಯಾಂಕುಗಳು ಒಂದೊಂದಾಗಿ ಷರತ್ತು ಹಾಕಿದವು: ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚಾಗಿರಬೇಕು. ಕೆಲವು ಕಾರ್ಡ್‌ಗಳಿಗೆ 35,000, ಮತ್ತೆ ಕೆಲವಕ್ಕೆ ಒಂದು ಲಕ್ಷ. ಒಂದು ಪ್ಲೇಟ್ ಪೊಂಗಲ್‌ಗೆ ಲಕ್ಷ ರೂಪಾಯಿಯ ಅರ್ಹತಾ ಪರೀಕ್ಷೆ!

ಇನ್ನೊಂದು ಸಂಗತಿ. ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗೆ ಬೆಲೆ ಕೂಗಿ ಎಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಕಾರ್ಡಿನಲ್ಲಿ ಕೊಡಬಹುದು ಎಂದು ತಿಳಿದವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚು, ಕೆಲವು ಸಂದರ್ಭಗಳಲ್ಲಿ ದುಪ್ಪಟ್ಟು, ಕೂಗಿದ್ದರು. ಶೇ 2 ಉಳಿಸಲು ಹೋಗಿ ಶೇ 20 ಜಾಸ್ತಿ ಖರ್ಚು ಮಾಡುವುದು ಇಲ್ಲಿನ ದೊಡ್ಡ ಅಪಾಯ. ಯಾವ ಸ್ಟೇಟ್‌ಮೆಂಟಿನಲ್ಲೂ ಅದು ಕಾಣುವುದಿಲ್ಲ.

ನಾಲ್ಕಂಕಿಯ ಕೋಡ್

‘ಎಲ್ಲ ಖರೀದಿಗೂ ಪಾಯಿಂಟ್’ ಎಂಬ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ಪ್ರತಿ ವ್ಯಾಪಾರಕ್ಕೂ ಕಾರ್ಡ್ ಜಾಲದವರು ನಾಲ್ಕಂಕಿಯ ಕೋಡ್ ಕೊಟ್ಟಿದ್ದಾರೆ: ದಿನಸಿ ಅಂಗಡಿಗೆ 5411, ಪೆಟ್ರೋಲ್ ಬಂಕಿಗೆ 5541, ರೈಲಿಗೆ 4112. ಯಾವ ಕೋಡಿಗೆ ಎಷ್ಟು ಪಾಯಿಂಟ್, ಯಾವುದಕ್ಕೆ ಸೊನ್ನೆ ಎಂದು ಬ್ಯಾಂಕ್ ಇದನ್ನು ನೋಡಿ ತೀರ್ಮಾನಿಸುತ್ತದೆ. ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಣ ತುಂಬುವುದು ಇವು ಬಹುತೇಕ ಕಾರ್ಡ್‌ಗಳಲ್ಲಿ ಹೊರಗೆ. ವಿಮೆ, ಶಾಲಾ ಫೀಸು, ಕರೆಂಟ್ ಬಿಲ್ಲಿಗೆ ಮಿತಿ. ಮಧ್ಯಮ ವರ್ಗದ ಮನೆಯ ದೊಡ್ಡ ಖರ್ಚುಗಳೆಲ್ಲ ಈ ಪಟ್ಟಿಯಲ್ಲೇ ಇರುವುದು ಕಾಕತಾಳೀಯವೇನಲ್ಲ.

ಹೀಗೆ ಬಾಗಿಲು ಮುಚ್ಚಿಸಿದ್ದರಲ್ಲಿ ಗ್ರಾಹಕರದೂ ಪಾಲಿದೆ. ಅಮೆರಿಕದ ಟಂಕಸಾಲೆ ಒಂದು ಡಾಲರ್ ನಾಣ್ಯ ಜನಪ್ರಿಯವಾಗಲಿ ಎಂದು ಅಂಚೆ ವೆಚ್ಚವನ್ನೂ ಹಾಕದೆ ಮುಖಬೆಲೆಗೇ ಮನೆಗೆ ಕಳಿಸುತ್ತಿತ್ತು. ಮೈಲಿ ಬೇಟೆಗಾರರು ಕಾರ್ಡಿನಲ್ಲಿ ಸಾವಿರಗಟ್ಟಲೆ ನಾಣ್ಯ ತರಿಸಿ, ಪೆಟ್ಟಿಗೆ ಬಿಚ್ಚದೆ ಬ್ಯಾಂಕಿಗೆ ಕಟ್ಟಿ, ಆ ಹಣದಿಂದಲೇ ಕಾರ್ಡ್ ಬಿಲ್ ತೀರಿಸಿದರು. ಬಂದ ಮೈಲಿ ಲಾಭ. 2011ರಲ್ಲಿ ಟಂಕಸಾಲೆ ಕಾರ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ನಮ್ಮವರೇನು ಕಡಿಮೆ? ಆ್ಯಪ್ ಮೂಲಕ ‘ಬಾಡಿಗೆ’ ಎಂದು ಅಣ್ಣನಿಗೋ ಗೆಳೆಯನಿಗೋ ಕಳಿಸಿ ವಾಪಸ್ ಪಡೆಯುವ ಉಪಾಯ ಕಂಡುಕೊಂಡರು. 2022ರಿಂದ ಬ್ಯಾಂಕುಗಳು ಬಾಡಿಗೆಗೆ ಶೇ 1 ಶುಲ್ಕ ಹಾಕತೊಡಗಿದವು, ಪಾಯಿಂಟ್ ಕಿತ್ತುಕೊಂಡವು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾದ ಮೇಲೆ ಹಲವು ಆ್ಯಪ್‌ಗಳು ಈ ಸೇವೆಯನ್ನೇ ಕೈಬಿಟ್ಟವು.

ಟಿಕೆಟ್ ಕೊಳ್ಳುವಾಗ

ಪಾಯಿಂಟ್‌ನಿಂದ ಟಿಕೆಟ್ ತೆಗೆಯಲು ಎರಡು ದಾರಿ. ಒಂದು, ಬ್ಯಾಂಕಿನ ಸ್ವಂತ ಪೋರ್ಟಲ್. ಸುಲಭ, ಆದರೆ ಅಲ್ಲಿ ಕಾಣುವ ದರವನ್ನು ವಿಮಾನ ಕಂಪನಿಯ ಸೈಟಿನ ದರದೊಂದಿಗೆ ಹೋಲಿಸದೆ ಬಟನ್ ಒತ್ತಬಾರದು. ಟಿಕೆಟ್ಟೇ 400 ರೂಪಾಯಿ ತುಟ್ಟಿಯಾಗಿದ್ದು, ಮೇಲೆ ತಲೆಗಿಷ್ಟು ಕನ್ವೀನಿಯೆನ್ಸ್ ಶುಲ್ಕ, ಪಾಯಿಂಟ್ ಬಳಸಿದ್ದಕ್ಕೆ ರಿಡೆಂಪ್ಷನ್ ಶುಲ್ಕ ಎಂದೆಲ್ಲ ಸೇರಿದರೆ, ‘ಪಾಯಿಂಟ್‌ಗೊಂದು ರೂಪಾಯಿ’ ಎಂಬುದು ಎಪ್ಪತ್ತು ಪೈಸೆಗೆ ಇಳಿದಿರುತ್ತದೆ.

ಎರಡನೆಯದು, ಪಾಯಿಂಟನ್ನು ವಿಮಾನ ಕಂಪನಿಯ ಮೈಲಿಯಾಗಿ ವರ್ಗಾಯಿಸುವುದು. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್, ಏರ್ ಇಂಡಿಯಾದ ಮಹಾರಾಜ ಕ್ಲಬ್ ಇವು ಇಲ್ಲಿ ಪರಿಚಿತ ಹೆಸರುಗಳು. ಬಿಸಿನೆಸ್ ಕ್ಲಾಸಿನ ದೂರ ಪ್ರಯಾಣಕ್ಕೆ ಇದರಲ್ಲಿ ಪಾಯಿಂಟ್‌ಗೆ ಒಂದೂವರೆ, ಎರಡು ರೂಪಾಯಿ ಬೆಲೆಯೂ ದಕ್ಕಬಹುದು. ಆದರೆ ವರ್ಗಾಯಿಸಿದ್ದು ಹಿಂದಿರುಗದು, ಮೈಲಿಗೆ ಮೀಸಲಾದ ಸೀಟುಗಳು ಬೆರಳೆಣಿಕೆ, ತೆರಿಗೆ ಮತ್ತು ಕೆಲವೊಮ್ಮೆ ಇಂಧನ ಶುಲ್ಕ ಕೈಯಿಂದಲೇ ಕಟ್ಟಬೇಕು. ಸೀಟು ಇದೆಯೆಂದು ಖಾತ್ರಿಯಾಗದೆ ವರ್ಗಾಯಿಸುವುದು ಬೇಡ. ಶಾಲೆಯ ದಸರಾ ರಜೆಗೇ ನಾಲ್ವರಿಗೆ ಸೀಟು ಬೇಕೆನ್ನುವ ಮನೆಯವರಿಗೆ ಈ ದಾರಿ ಒಗ್ಗುವುದಿಲ್ಲ.

ನಿಜ ಹೇಳಬೇಕೆಂದರೆ, ಆಯುಧಪೂಜೆಯ ಹಿಂದಿನ ಸಂಜೆಯ ವಿಮಾನವನ್ನು ಬಿಟ್ಟು ಎರಡು ದಿನ ಮೊದಲಿನ ಬೆಳಗಿನ ವಿಮಾನ ಹಿಡಿದರೆ ಉಳಿಯುವ ಹಣದ ಮುಂದೆ ಯಾವ ಕಾರ್ಡಿನ ಪಾಯಿಂಟೂ ನಿಲ್ಲುವುದಿಲ್ಲ.

ಗಡಿ ದಾಟಿದಾಗ

ಬ್ಯಾಂಕಾಕ್, ದುಬೈ, ಬಾಲಿ ಎಂದು ಹೊರಡುವವರು ಪಾಯಿಂಟ್ ಲೆಕ್ಕ ಮರೆತು ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ, ಎಷ್ಟೆಂದು ನೋಡಬೇಕು. ಬಹಳಷ್ಟು ಕಾರ್ಡ್‌ಗಳಲ್ಲಿ ಇದು ಶೇ 3.5, ಜಿಎಸ್‌ಟಿ ಸೇರಿದರೆ ಶೇ 4.13. ವಿದೇಶದಲ್ಲಿ ಲಕ್ಷ ರೂಪಾಯಿ ಖರ್ಚಾದರೆ 4,130 ರೂಪಾಯಿ ಇದಕ್ಕೇ ಹೋಯಿತು. ಎರಡು ಸಾವಿರದ ಪಾಯಿಂಟ್ ಬಂದರೂ ನಷ್ಟವೇ. ದುಬಾರಿ ಕಾರ್ಡ್‌ಗಳಲ್ಲಿ ಮಾರ್ಕಪ್ ಶೇ 2ರ ಆಸುಪಾಸು. ಸೊನ್ನೆ ಮಾರ್ಕಪ್‌ನ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ವರ್ಷಕ್ಕೊಮ್ಮೆ ವಿದೇಶಕ್ಕೆ ಹೋಗುವವರಿಗೂ, ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ ಎನ್ನುವವರಿಗೂ ಅಂಥದ್ದೊಂದು ಸಾಕು.

ಅಲ್ಲಿನ ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ?’ ಎಂದು ವಿನಯದಿಂದ ಕೇಳುವುದುಂಟು. ನಮ್ಮ ದುಡ್ಡು, ನಮಗೆ ಅರ್ಥವಾಗುತ್ತದೆ ಎಂದು ಒಪ್ಪಿಕೊಂಡರೆ ಅಂಗಡಿಯ ಕಡೆಯವರು ತಮಗೆ ಬೇಕಾದ ವಿನಿಮಯ ದರ ಹಾಕುತ್ತಾರೆ. ಅದರ ಮೇಲೆ ನಮ್ಮ ಬ್ಯಾಂಕೂ ಶುಲ್ಕ ಹಾಕಬಹುದು. ಆ ದೇಶದ ನಾಣ್ಯವನ್ನೇ ಒತ್ತಬೇಕು. ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ತೂರಿಸುವುದಂತೂ, ಇಲ್ಲಾಗಲಿ ಅಲ್ಲಾಗಲಿ, ಬೇಡವೇ ಬೇಡ: ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ರೈಲು, ಬಸ್ಸಿನವರಿಗೂ ಉಂಟು

ಪಾಯಿಂಟ್ ಎಂದರೆ ವಿಮಾನ ಎಂದೇನೂ ಇಲ್ಲ. ಐಆರ್‌ಸಿಟಿಸಿ ಮತ್ತು ಎಸ್‌ಬಿಐ ಕಾರ್ಡ್ ಜಂಟಿಯಾಗಿ ಕೊಡುವ ಕಾರ್ಡಿನಲ್ಲಿ, ಐಆರ್‌ಸಿಟಿಸಿಯಲ್ಲೇ ಕಾಯ್ದಿರಿಸಿದ ಎಸಿ ದರ್ಜೆ ಮತ್ತು ಚೇರ್ ಕಾರ್ ಟಿಕೆಟ್‌ಗೆ ಶೇ 10ರವರೆಗೆ ಪಾಯಿಂಟ್ ರೂಪದಲ್ಲಿ ಮರಳುತ್ತದೆ. ಒಂದು ಪಾಯಿಂಟ್ ಒಂದು ರೂಪಾಯಿಯ ಟಿಕೆಟ್‌ಗೆ ಸಮ. ಬೆಂಗಳೂರು–ಧಾರವಾಡ ವಂದೇ ಭಾರತ್‌ನಲ್ಲಿ ತಿಂಗಳಿಗೊಮ್ಮೆ ಊರಿಗೆ ಹೋಗಿಬರುವವರಿಗೆ ಇದು ಎಷ್ಟೋ ದುಬಾರಿ ಕಾರ್ಡ್‌ಗಳಿಗಿಂತ ಲಾಭ. ಸ್ಲೀಪರ್ ಕೋಚಿನವರಿಗೆ ಇದರಿಂದ ಉಪಯೋಗವಿಲ್ಲ; ಅವರು ಯುಪಿಐನಲ್ಲಿ ಕಟ್ಟಿದರೆ ಐಆರ್‌ಸಿಟಿಸಿ ಕನ್ವೀನಿಯೆನ್ಸ್ ಶುಲ್ಕ 15ರ ಬದಲು 10 ರೂಪಾಯಿ, ಎಸಿಗಾದರೆ 30ರ ಬದಲು 20, ಮೇಲೆ ಜಿಎಸ್‌ಟಿ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಕ್ಕಿಳಿದಿರುವುದರಿಂದ ಹಬ್ಬದ ಊರಿನ ಟಿಕೆಟ್‌ಗೆ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎದ್ದು ಕೂರುವುದೇ ದೊಡ್ಡ ಉಳಿತಾಯ. ತತ್ಕಾಲ್ ದರ ತಪ್ಪುತ್ತದೆ.

ಕೆಎಸ್‌ಆರ್‌ಟಿಸಿಯಲ್ಲಿ ಕಾರ್ಡೇ ಬೇಕಿಲ್ಲ. ನಾಲ್ಕು ಅಥವಾ ಹೆಚ್ಚು ಜನಕ್ಕೆ ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಿದರೆ ಶೇ 5, ಹೋಗುವ–ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ವಾಪಸ್ ಪ್ರಯಾಣಕ್ಕೆ ಶೇ 10 ರಿಯಾಯಿತಿ. ಅದನ್ನು ನೆನಪಿಸಲು ಯಾರೂ ನಮಗೆ ಫೋನ್ ಮಾಡುವುದಿಲ್ಲ, ಅಷ್ಟೇ.

ಬಡ್ಡಿ ಎಂಬ ತೂತು

ಈವರೆಗಿನ ಎಲ್ಲ ಲೆಕ್ಕವೂ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಿಗೆ ಮಾತ್ರ. ತಿಂಗಳಿಗೆ ಶೇ 3.75 ಬಡ್ಡಿ ಎಂದರೆ ವರ್ಷಕ್ಕೆ ಶೇ 45. ಐವತ್ತು ಸಾವಿರ ಒಂದು ತಿಂಗಳು ಬಾಕಿ ಉಳಿದರೆ 1,875 ರೂಪಾಯಿ ಬಡ್ಡಿ, ಜಿಎಸ್‌ಟಿ ಸೇರಿ 2,212. ಅದೇ ಐವತ್ತು ಸಾವಿರ ಖರ್ಚು ಮಾಡಿದ್ದಕ್ಕೆ, ಶೇ 2ರ ಲೆಕ್ಕದಲ್ಲೂ, ಸಿಕ್ಕಿದ್ದು ಸಾವಿರ ರೂಪಾಯಿಯ ಪಾಯಿಂಟ್. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಇವತ್ತು ಕೊಂಡ ಹಾಲಿಗೂ ಇವತ್ತಿನಿಂದಲೇ ಬಡ್ಡಿ. ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿರುವ ‘ಮಿನಿಮಮ್ ಡ್ಯೂ’ ಕಟ್ಟಿದರೆ ತಪ್ಪುವುದು ದಂಡ ಮಾತ್ರ, ಬಡ್ಡಿಯಲ್ಲ.

ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅಲ್ಲಿಗೆ ಆ ಮಿತಿಯೂ ಹೋಯಿತು. ಹೋದ ವರ್ಷ ಒಂದೆರಡು ಬಾರಿಯಾದರೂ ಬಾಕಿ ಉಳಿಸಿಕೊಂಡವರು ಪಾಯಿಂಟ್ ಹೋಲಿಕೆ ಬಿಟ್ಟು ಖಾತೆಯಿಂದ ಪೂರ್ತಿ ಬಿಲ್ ತಾನಾಗಿ ಕಡಿತವಾಗುವ ಆಟೊ ಡೆಬಿಟ್ ಹಾಕಿಸುವುದು ಮೊದಲು. ಅದೂ ಕಷ್ಟವೆನಿಸಿದರೆ ಕಾರ್ಡಿನ ಸಹವಾಸವೇ ಬೇಡ, ಯುಪಿಐ ಇದೆ.

ಬೇಡವಾದ ಕಾರ್ಡ್

ಮಾಲ್‌ನಲ್ಲಿ, ವಿಮಾನ ನಿಲ್ದಾಣದಲ್ಲಿ ಒತ್ತಾಯಕ್ಕೆ ಸಹಿ ಮಾಡಿ ತೆಗೆದುಕೊಂಡ ಕಾರ್ಡ್‌ಗಳು ಬಹಳ ಮನೆಗಳ ಬೀರುವಿನಲ್ಲಿವೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿ ಎಲ್ಲ ತೀರಿಸಿದ ಗ್ರಾಹಕ ಕಾರ್ಡ್ ಮುಚ್ಚಲು ಕೋರಿದರೆ ಬ್ಯಾಂಕ್ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು. ಕೇಳದೆ ಕಾರ್ಡ್ ಕಳಿಸುವುದೂ ನಿಷಿದ್ಧ.

ಮುಚ್ಚಲು ಹೊರಟಾಗ ‘ಈ ವರ್ಷದ ಶುಲ್ಕ ಬಿಟ್ಟುಕೊಡುತ್ತೇವೆ, ಇಟ್ಟುಕೊಳ್ಳಿ’ ಎಂದು ಕರೆ ಬರುವುದು ಮಾಮೂಲು. ಆ ಮಾತು ಕೇಳುವುದಕ್ಕಾದರೂ ಶುಲ್ಕ ಬೀಳುವ ತಿಂಗಳಿಗೆ ಮೊದಲು ಒಂದು ಕೋರಿಕೆ ಹಾಕುವವರಿದ್ದಾರೆ. ಇಟ್ಟುಕೊಳ್ಳುವುದಾದರೆ ಮನ್ನಾ ಮಾತನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಮುಚ್ಚುವುದಾದರೆ ಉಳಿದ ಪಾಯಿಂಟನ್ನು ಮೊದಲು ಖರ್ಚು ಮಾಡಿ, ಆಮೇಲೆ ಅರ್ಜಿ ಹಾಕಿ. ಮುಚ್ಚಿದ ಕಾರ್ಡಿನ ಪಾಯಿಂಟನ್ನು ಸಾಮಾನ್ಯವಾಗಿ ಬ್ಯಾಂಕ್ ಅಳಿಸಿಬಿಡುತ್ತದೆ.